ಮೆರೊಪೆನೆಮ್ ಜೋನ್ ಒಂದು ದಿನ 21, ಮರುದಿನ 24: ಐಸಿಯು ಕ್ಲೆಬ್ಸಿಯೆಲ್ಲಾಗೆ ವರದಿ ಹೇಗೆ ಕೊಡೋದು?

ಬೆಣ್ಣೆನಗರಿ_ಲ್ಯಾಬ್

ನಮಸ್ಕಾರ. ದಾವಣಗೆರೆಯ ಮಧ್ಯಮ ಗಾತ್ರದ ಆಸ್ಪತ್ರೆ ಲ್ಯಾಬ್. ಸೆನ್ಸಿಟಿವಿಟಿಗೆ (ಬ್ಯಾಕ್ಟೀರಿಯಾ ಯಾವ ಔಷಧಿಗೆ ಬಗ್ಗುತ್ತೆ ಅಂತ ನೋಡೋಕೆ) ಯಂತ್ರ ಇಲ್ಲ, ಎಲ್ಲಾ ಡಿಸ್ಕ್ ಡಿಫ್ಯೂಷನ್: ಬ್ಯಾಕ್ಟೀರಿಯಾ ಸವರಿದ ಪ್ಲೇಟಿನ ಮೇಲೆ ಔಷಧಿ ಡಿಸ್ಕ್ ಇಟ್ಟು, ಸುತ್ತ ಬೆಳೆಯದ ಜಾಗದ (ಜೋನ್) ಅಗಲ ಅಳೆಯೋದು. ವೆಂಟಿಲೇಟರ್ ಮೇಲೆ ಆರನೇ ದಿನದಲ್ಲಿರುವ ರೋಗಿಯ ಎಂಡೋಟ್ರೇಕಿಯಲ್ ಆಸ್ಪಿರೇಟ್‌ನಲ್ಲಿ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ ಬೆಳೆದಿದೆ, ಎಣಿಕೆ ಮಿ.ಲೀ.ಗೆ ಒಂದು ಲಕ್ಷ ದಾಟಿದೆ.

ಮೊದಲ ದಿನದ ಓದು: ಸೆಫ್ಟ್ರಿಯಾಕ್ಸೋನ್ ಸುತ್ತ ಜೋನೇ ಇಲ್ಲ, ಎರ್ಟಾಪೆನೆಮ್ 17, ಇಮಿಪೆನೆಮ್ 22, ಮೆರೊಪೆನೆಮ್ 21 ಮಿ.ಮೀ. ಗಡಿಯಲ್ಲಿದೆ ಅಂತ ಮತ್ತೆ ಹಾಕಿದರೆ ಮೆರೊಪೆನೆಮ್ 24 ಬಂತು. ಒಂದರ ಪ್ರಕಾರ ‘ಇಂಟರ್‌ಮೀಡಿಯೆಟ್’, ಇನ್ನೊಂದರ ಪ್ರಕಾರ ‘ಸೆನ್ಸಿಟಿವ್’. ಮೊದಲ ದಿನದ್ದು ಕೊಂಡು ತಂದ ರೆಡಿ ಪ್ಲೇಟ್. ಅವು ಮುಗಿದಿದ್ದಕ್ಕೆ ಮರುದಿನ ನಾವೇ ಮುಲ್ಲರ್ ಹಿಂಟನ್ ಅಗಾರ್ ಮಾಡಿ ಸುರಿದೆವು. 500 ಮಿ.ಲೀ. ಮೀಡಿಯಾಕ್ಕೆ 27 ಪ್ಲೇಟ್ ಬಂದವು, 90 ಮಿ.ಮೀ. ಗಾತ್ರದವು.

ಅದೇ ಪ್ಲೇಟ್‌ಗಳಲ್ಲಿ ಎಟಿಸಿಸಿ 25922 ಇ. ಕೋಲಿ ಕಂಟ್ರೋಲ್ (ಜೋನ್ ಎಷ್ಟಿರಬೇಕು ಅಂತ ಮೊದಲೇ ಗೊತ್ತಿರೋ ತಳಿ): ಮೆರೊಪೆನೆಮ್ 37, ಇಮಿಪೆನೆಮ್ 34, ಸೆಫ್ಟ್ರಿಯಾಕ್ಸೋನ್ 37, ಜೆಂಟಾಮೈಸಿನ್ 28.

ಕಾರ್ಬಪೆನೆಮೇಸ್ (ಮೆರೊಪೆನೆಮ್ ಥರದ ಕಾರ್ಬಪೆನೆಮ್ ಔಷಧಿ ಒಡೆಯೋ ಕಿಣ್ವ) ಇದೆಯಾ ಅಂತ ನೋಡೋ ಎಂಸಿಐಎಂ ಪರೀಕ್ಷೆ ಕೂಡ ಹಾಕಿದೆವು. ಜೋನ್ 17, ಒಳಗೆ ಕಾಲೊನಿ ಇಲ್ಲ. 1 ಮೈಕ್ರೋಲೀಟರ್ ಲೂಪ್ ಇಲ್ಲದ್ದರಿಂದ ಎರಡು ಮೂರು ಕಾಲೊನಿ ಮುಟ್ಟಿ ಟ್ರಿಪ್ಟಿಕ್ ಸೋಯ್ ಬ್ರಾತ್‌ಗೆ ಹಾಕಿದ್ದು.

ಕೇಳೋದು ಮೂರು. ಮೆರೊಪೆನೆಮ್ ಏನಂತ ಬರೆಯಲಿ? ಎಂಸಿಐಎಂ 17 ಅಂದರೆ ಪಾಸಿಟಿವಾ, ನೆಗೆಟಿವಾ? ಡಾಕ್ಟರು ಕೊಲಿಸ್ಟಿನ್ ಕೇಳ್ತಿದ್ದಾರೆ, ಡಿಸ್ಕ್ ಹಾಕಿದ್ದಕ್ಕೆ 13 ಮಿ.ಮೀ. ಬಂದಿದೆ, ಅದನ್ನು ಕೊಡಬಹುದಾ?

ಅಗಾರ್_ಅಜ್ಜ

ಬ್ಯಾಕ್ಟೀರಿಯಾ ಮೇಲೆ ಅನುಮಾನ ಪಡೋ ಮೊದಲು ಪ್ಲೇಟ್ ಮೇಲೆ ಪಡಿ. ‘500ಕ್ಕೆ 27 ಪ್ಲೇಟ್’ ಅಂತ ಬರೆದಿದ್ದೀರಲ್ಲ, ಕಳ್ಳ ಅಲ್ಲೇ ಕೂತಿದ್ದಾನೆ.

ಪ್ಲೇಟಿಗೆ ಹದಿನೆಂಟೂವರೆ ಮಿ.ಲೀ. ಬಿತ್ತು. ಒಳ ಅಗಲ 88 ಮಿ.ಮೀ. ಅಂತ ಹಿಡಿದರೆ ತಳದ ವಿಸ್ತೀರ್ಣ ಸುಮಾರು 61 ಚದರ ಸೆಂ.ಮೀ., ಅಂದರೆ ಅಗಾರ್ ದಪ್ಪ 3 ಮಿ.ಮೀ. ಬೇಕಾದದ್ದು 4. ಅದಕ್ಕೆ ಪ್ಲೇಟಿಗೆ 25 ಮಿ.ಲೀ. ಹೋಗಬೇಕು, 500 ಮಿ.ಲೀ.ಗೆ 20 ಪ್ಲೇಟ್ ಮಾತ್ರ. ಡಿಸ್ಕಿನಿಂದ ಇಳಿದ ಔಷಧಿ ಕೆಳಕ್ಕೂ ಹರಡುತ್ತೆ, ಪಕ್ಕಕ್ಕೂ ಹರಡುತ್ತೆ. ಕೆಳಗೆ ಜಾಗ ಕಡಿಮೆಯಾದಷ್ಟೂ ಪಕ್ಕಕ್ಕೆ ಜಾಸ್ತಿ ಹೋಗಿ ಜೋನ್ ಹಿಗ್ಗುತ್ತೆ. ರೆಸಿಸ್ಟೆಂಟ್ ಜೀವಿ ಸೆನ್ಸಿಟಿವ್ ಥರ ಕಾಣೋದು ಹೀಗೆ, ಇದು ಎಲ್ಲಕ್ಕಿಂತ ಕೆಟ್ಟ ತಪ್ಪು.

ನಿಮ್ಮ ಕಂಟ್ರೋಲ್ ಕೂಡ ಅದನ್ನೇ ಕೂಗಿ ಹೇಳ್ತಿದೆ. 25922ಕ್ಕೆ ಇರಬೇಕಾದದ್ದು ಮೆರೊಪೆನೆಮ್ 28–35, ಇಮಿಪೆನೆಮ್ 26–32, ಸೆಫ್ಟ್ರಿಯಾಕ್ಸೋನ್ 29–35, ಜೆಂಟಾಮೈಸಿನ್ 19–26. ನಾಲ್ಕೂ ಮೇಲಕ್ಕೇ ಜಾರಿವೆ, ಎಲ್ಲಾ ಎರಡು ಮಿ.ಮೀ. ಲೆಕ್ಕದಲ್ಲಿ. ಎಲ್ಲಾ ಔಷಧಿ ಒಂದೇ ದಿಕ್ಕಿಗೆ ಹೋದರೆ ಕಾರಣ ಡಿಸ್ಕ್ ಅಲ್ಲ: ಅಗಾರ್ ತೆಳುವಾಗಿದೆ, ಇಲ್ಲಾ ಲಾನ್‌ಗೆ (ಪ್ಲೇಟ್ ತುಂಬಾ ಸವರಿದ ಬ್ಯಾಕ್ಟೀರಿಯಾ ಪದರ) ಹಾಕಿದ ಸಸ್ಪೆನ್ಷನ್ ತೆಳುವಾಗಿದೆ. ಒಂದೇ ಔಷಧಿಯ ಜೋನ್ ಕುಗ್ಗಿದ್ದರೆ ಆಗ ಆ ಡಿಸ್ಕಿನ ಶಕ್ತಿ ಹೋಗಿದೆ ಅಂತ. ಹಳಸಿದ ಡಿಸ್ಕ್ ಜೋನನ್ನು ಕುಗ್ಗಿಸುತ್ತೆ, ಹಿಗ್ಗಿಸಲ್ಲ. ಜೆಂಟಾಮೈಸಿನ್ ಥರದವು ಮಾತ್ರ ಒಂದು ಕಡೆ, ಟೆಟ್ರಾಸೈಕ್ಲಿನ್ ಅದಕ್ಕೆ ಎದುರು ದಿಕ್ಕಿಗೆ ಹೋಗಿದ್ದರೆ ಪಿಎಚ್ ನೋಡಬೇಕು. ಹುಳಿ ಜಾಸ್ತಿಯಾದರೆ ಜೆಂಟಾಮೈಸಿನ್ ಜೋನ್ ಕಿರಿದಾಗುತ್ತೆ, ಟೆಟ್ರಾಸೈಕ್ಲಿನ್‌ದು ಅಗಲವಾಗುತ್ತೆ.

ಕಂಟ್ರೋಲ್ ಹೊರಗಿದ್ದ ದಿನದ ರೋಗಿಯ ಫಲಿತಾಂಶವನ್ನು ವರದಿಗೆ ಹಾಕೋ ಹಾಗೇ ಇಲ್ಲ. 24 ಅನ್ನೋದನ್ನು ಹೊಡೆದು ಹಾಕಿ.

ಹೊಸದಾಗಿ ಸುರಿಯೋವಾಗ: 500 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 19 ಗ್ರಾಂ ಪುಡಿ, ಅಂದರೆ ಲೀಟರಿಗೆ 38. ಡಬ್ಬದ ಮೇಲೆ ಬೇರೆ ತೂಕ ಬರೆದಿದ್ದರೆ ಅದೇ ಸರಿ. ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಕಡೆ ನೀರು ಗಡಸು. ಅದರ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೇರಿದರೆ ಸ್ಯೂಡೋಮೊನಾಸ್‌ಗೆ ಜೆಂಟಾಮೈಸಿನ್, ಅಮಿಕಾಸಿನ್ ಜೋನ್ ಕುಗ್ಗುತ್ತವೆ. 121 ಡಿಗ್ರಿ, 15 ನಿಮಿಷ ಆಟೋಕ್ಲೇವ್. 45–50 ಡಿಗ್ರಿಗೆ ಇಳಿದ ಮೇಲೆ ಸುರಿಯಿರಿ. ಕಣ್ಣಂದಾಜು ಬಿಡಿ, ಸ್ಟೆರೈಲ್ ಅಳತೆ ಸಿಲಿಂಡರಿನಲ್ಲಿ 25 ಮಿ.ಲೀ. ಅಳೆದು ಒಂದು ಪ್ಲೇಟ್ ಮಾಡಿಟ್ಟುಕೊಂಡು ಉಳಿದದ್ದನ್ನು ಅದರ ಪಕ್ಕ ಇಟ್ಟು ಹೋಲಿಸಿ. ಮೇಜು ಮಟ್ಟ ಇದೆಯಾ ಅಂತ ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ. ಮೇಜು ವಾಲಿದ್ದರೆ ಒಂದೇ ಪ್ಲೇಟಿನಲ್ಲಿ ಒಂದು ಕಡೆ 3, ಇನ್ನೊಂದು ಕಡೆ 5 ಮಿ.ಮೀ. ಆಗಿ ಜೋನ್ ಮೊಟ್ಟೆಯಾಕಾರ ಆಗುತ್ತೆ. ಪ್ರತಿ ಬ್ಯಾಚಿನಿಂದ ಒಂದು ಪ್ಲೇಟ್ ಕತ್ತರಿಸಿ ಸ್ಕೇಲಿನಲ್ಲಿ ದಪ್ಪ ಅಳೆಯಿರಿ. ಗಟ್ಟಿಯಾದ ಮೇಲೆ ಪಿಎಚ್ 7.2–7.4 ಇರಬೇಕು.

ಸಸ್ಪೆನ್ಷನ್ ಎಷ್ಟು ಮಬ್ಬಿರಬೇಕು ಅಂತ ಹೋಲಿಸೋ ಮ್ಯಾಕ್‌ಫಾರ್ಲಂಡ್ 0.5 ಟ್ಯೂಬ್ ಎಷ್ಟು ಹಳೆಯದು? ಮನೆಯಲ್ಲೇ ಮಾಡಿದ್ದಾದರೆ 1.175% ಬೇರಿಯಂ ಕ್ಲೋರೈಡ್ 0.5 ಮಿ.ಲೀ., 1% ಸಲ್ಫ್ಯೂರಿಕ್ ಆಸಿಡ್ 99.5 ಮಿ.ಲೀ. 625 ನ್ಯಾನೋಮೀಟರಿನಲ್ಲಿ ಓದು 0.08ರಿಂದ 0.13ರೊಳಗೆ ಬರಬೇಕು. ತಿಂಗಳಿಗೊಮ್ಮೆ ಓದಿ ನೋಡಿ, ಕತ್ತಲಲ್ಲಿ ಇಡಿ, ಪ್ರತಿ ಸಲ ಬಳಸೋ ಮೊದಲು ಚೆನ್ನಾಗಿ ಕುಲುಕಿ. ತಳಕ್ಕೆ ಕೂತ ಬಿಳಿಪುಡಿ ಎದ್ದಿಲ್ಲ ಅಂದರೆ ಟ್ಯೂಬ್ ತಿಳಿಯಾಗಿ ಕಾಣುತ್ತೆ, ಅದಕ್ಕೆ ಸಮ ಮಾಡೋಕೆ ಹೋಗಿ ನಿಮ್ಮ ಸಸ್ಪೆನ್ಷನ್ ತೆಳುವಾಗುತ್ತೆ. ಇದೂ ಜೋನ್ ಹಿಗ್ಗಿಸುತ್ತೆ.

ಸಸ್ಪೆನ್ಷನ್ ಮಾಡಿದ 15 ನಿಮಿಷದೊಳಗೆ ಲಾನ್, ಲಾನ್ ಆದ 15 ನಿಮಿಷದೊಳಗೆ ಡಿಸ್ಕ್, ಡಿಸ್ಕ್ ಇಟ್ಟ 15 ನಿಮಿಷದೊಳಗೆ ಇನ್‌ಕ್ಯುಬೇಟರ್. 90 ಮಿ.ಮೀ. ಪ್ಲೇಟಿಗೆ ಐದು ಡಿಸ್ಕ್ ಸಾಕು. ಆರನೆಯದನ್ನು ತುರುಕಿದರೆ ಜೋನ್‌ಗಳು ಒಂದಕ್ಕೊಂದು ತಗುಲಿ ಯಾವುದೂ ಓದಕ್ಕಾಗಲ್ಲ.

ಉಚ್ಚಂಗಿ_ಮೈಕ್ರೋ

ಅಜ್ಜ ಹೇಳಿದ್ದಕ್ಕೆ ಒಂದು ಸೇರಿಸಬೇಕು. ಎಂಸಿಐಎಂ ಹಾಕಿದ್ದೂ ಅದೇ ತೆಳು ಪ್ಲೇಟಿನ ಮೇಲೆ ತಾನೆ? ಹಾಗಿದ್ದರೆ ಆ 17 ಕೂಡ ನಂಬುವಂಥದ್ದಲ್ಲ. ಸರಿಯಾದ ದಪ್ಪದ ಪ್ಲೇಟಿನಲ್ಲಿ ಅದು 15ಕ್ಕೆ ಇಳಿಯಬಹುದು, ಇಳಿದರೆ ಪಾಸಿಟಿವ್.

ಈ ಪರೀಕ್ಷೆ ನೋಡೋದು ಇಷ್ಟೇ: ಬ್ಯಾಕ್ಟೀರಿಯಾ ಮೆರೊಪೆನೆಮ್ ಡಿಸ್ಕನ್ನು ನಾಲ್ಕು ಗಂಟೆಯಲ್ಲಿ ತಿಂದು ಮುಗಿಸುತ್ತಾ, ಇಲ್ಲವಾ. ತಿಂದಿದ್ದರೆ ಆ ಡಿಸ್ಕಿನ ಸುತ್ತ 25922 ಇ. ಕೋಲಿ ಆರಾಮಾಗಿ ಬೆಳೆಯುತ್ತೆ. 6–15 ಮಿ.ಮೀ. ಬಂದರೆ, ಅಥವಾ 16–18ರ ಜೋನಿನೊಳಗೆ ಸೂಜಿಮೊನೆಯಂಥ ಕಾಲೊನಿ ಇದ್ದರೆ ಕಾರ್ಬಪೆನೆಮೇಸ್ ಪಾಸಿಟಿವ್. 19 ಅಥವಾ ಹೆಚ್ಚು, ಒಳಗೆ ಸ್ವಚ್ಛ ಇದ್ದರೆ ನೆಗೆಟಿವ್. 16–18 ಸ್ವಚ್ಛ ಇದ್ದರೆ ಅಥವಾ 19ರ ಮೇಲೆ ಇದ್ದೂ ಒಳಗೆ ಕಾಲೊನಿ ಇದ್ದರೆ ‘ತೀರ್ಮಾನ ಆಗಿಲ್ಲ’. ಸದ್ಯಕ್ಕೆ ನಿಮ್ಮದು ಆ ಕೊನೆ ಗುಂಪು. ಹೊಸ ಸಬ್‌ಕಲ್ಚರ್ ತೆಗೆದು ಕಂಟ್ರೋಲ್ ಜೊತೆ ಮತ್ತೆ ಹಾಕಬೇಕು.

‘ಎರಡು ಮೂರು ಕಾಲೊನಿ ಮುಟ್ಟಿ’ ಅನ್ನೋದು ಎರಡನೇ ತೊಂದರೆ. ಕ್ಲೆಬ್ಸಿಯೆಲ್ಲಾ, ಇ. ಕೋಲಿ ಗುಂಪಿಗೆ 1 ಮೈಕ್ರೋಲೀಟರ್ ಲೂಪ್ ತುಂಬಾ, ಸ್ಯೂಡೋಮೊನಾಸ್‌ಗೆ 10 ಮೈಕ್ರೋಲೀಟರ್ ಲೂಪ್ ತುಂಬಾ. ಕ್ಲೆಬ್ಸಿಯೆಲ್ಲಾ ಲೋಳೆ ಲೋಳೆ. ಮುಟ್ಟಿದಾಗ ನೂಲಿನ ಹಾಗೆ ಎಳೆದುಕೊಂಡು ಬರೋದೆಲ್ಲ ಲೋಳೆ, ಜೀವಕೋಶ ಕಮ್ಮಿ. ಓಎಕ್ಸ್‌ಎ-48 ಅನ್ನೋ ಕಾರ್ಬಪೆನೆಮೇಸ್ ಮೊದಲೇ ಸೋಮಾರಿ ಕಿಣ್ವ. ಕೋಶ ಕಮ್ಮಿ ಹಾಕಿದರೆ ನಾಲ್ಕು ಗಂಟೆಯಲ್ಲಿ ಡಿಸ್ಕ್ ಪೂರ್ತಿ ಖಾಲಿಯಾಗಲ್ಲ, ಜೋನ್ 16–18ರಲ್ಲಿ ತೂಗಾಡುತ್ತೆ. ಬಳಸಿ ಎಸೆಯೋ ಪ್ಲಾಸ್ಟಿಕ್ ಲೂಪಿನ ಪ್ಯಾಕೆಟ್ ದುಬಾರಿ ಏನಲ್ಲ, ತರಿಸಿಕೊಳ್ಳಿ. ಅಂದ ಹಾಗೆ, 1 ಮೈಕ್ರೋಲೀಟರ್ ಲೂಪ್ ಇಲ್ಲದೆ ‘ಎಣಿಕೆ ಲಕ್ಷ ದಾಟಿದೆ’ ಅಂತ ಹೇಗೆ ಬರೆದಿರಿ?

ವಿಧಾನ ಹೀಗೆ. ಬ್ಲಡ್ ಅಗಾರ್ ಮೇಲಿನ ಒಂದು ರಾತ್ರಿಯ ಬೆಳವಣಿಗೆಯನ್ನು 2 ಮಿ.ಲೀ. ಟ್ರಿಪ್ಟಿಕ್ ಸೋಯ್ ಬ್ರಾತ್‌ನಲ್ಲಿ ಕಲಸಿ 10–15 ಸೆಕೆಂಡ್ ವೊರ್ಟೆಕ್ಸ್ ಮಾಡಿ. 10 ಮೈಕ್ರೋಗ್ರಾಂ ಮೆರೊಪೆನೆಮ್ ಡಿಸ್ಕನ್ನು ಪೂರ್ತಿ ಮುಳುಗಿಸಿ. 35 ಡಿಗ್ರಿಯಲ್ಲಿ 4 ಗಂಟೆ, ಹೆಚ್ಚುಕಮ್ಮಿ 15 ನಿಮಿಷ ಮಾತ್ರ. ಮೂರು ಗಂಟೆಗೇ ತೆಗೆದರೆ ಜೋನ್ ದೊಡ್ಡದು ಬರಬಹುದು. ಮುಗಿಯೋ ಹೊತ್ತಿಗೆ 25922ರ 0.5 ಮ್ಯಾಕ್‌ಫಾರ್ಲಂಡ್ ಲಾನ್ ತಯಾರಿರಬೇಕು. ಡಿಸ್ಕನ್ನು 10 ಮೈಕ್ರೋಲೀಟರ್ ಲೂಪಿನಿಂದ ಮೇಲೆತ್ತಿ ಟ್ಯೂಬಿನ ಒಳಗೋಡೆಗೆ ಒತ್ತಿ ಎಳೆದು ದ್ರವ ಇಳಿಸಿ, ಆಮೇಲೆ ಲಾನ್ ಮೇಲೆ ಇಡಿ. ದ್ರವ ಇಳಿಸದೆ ಇಟ್ಟರೆ ಡಿಸ್ಕ್ ಸುತ್ತ ನಿಮ್ಮ ಕ್ಲೆಬ್ಸಿಯೆಲ್ಲಾನೇ ಹರಿದು ಬೆಳೆದುಬಿಡುತ್ತೆ, ಜೋನಿನ ಅಂಚು ಸಿಗಲ್ಲ. 18–24 ಗಂಟೆ ಬಿಟ್ಟು ಓದಿ.

ಅದರ ಜೊತೆಗೇ ಇಸಿಐಎಂ ಹಾಕಿ, ಹೆಚ್ಚಿನ ಖರ್ಚು ಒಂದು ಡಿಸ್ಕ್, ಒಂದು ಟ್ಯೂಬ್. ಎರಡನೇ 2 ಮಿ.ಲೀ. ಬ್ರಾತ್‌ಗೆ 0.5 ಮೋಲಾರ್ ಇಡಿಟಿಎ 20 ಮೈಕ್ರೋಲೀಟರ್ ಸೇರಿಸಿ, ಉಳಿದದ್ದೆಲ್ಲ ಮೊದಲಿನಂತೆ. ಇಡಿಟಿಎ ತಯಾರಿಗೆ ಡೈಸೋಡಿಯಂ ಲವಣ 18.6 ಗ್ರಾಂ, ನೀರು 100 ಮಿ.ಲೀ. ಮೊದಲು ಕರಗೋದೇ ಇಲ್ಲ, ಹೆದರಬೇಡಿ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ 8ಕ್ಕೆ ತಂದಾಗ ಕರಗುತ್ತೆ. ಇಡಿಟಿಎ ಟ್ಯೂಬಿನ ಡಿಸ್ಕಿನ ಜೋನ್ ಮೊದಲನೆಯದಕ್ಕಿಂತ 5 ಮಿ.ಮೀ. ಅಥವಾ ಹೆಚ್ಚು ದೊಡ್ಡದಾದರೆ ಎನ್‌ಡಿಎಂ ಥರದ, ಸತುವನ್ನು ನಂಬಿದ ಕಿಣ್ವ. ಇಡಿಟಿಎ ಆ ಸತುವನ್ನು ಕಿತ್ತುಕೊಳ್ಳುತ್ತೆ, ಕಿಣ್ವ ಕೈಕಟ್ಟಿ ಕೂರುತ್ತೆ. ಎಂಸಿಐಎಂ ಪಾಸಿಟಿವ್ ಇದ್ದಾಗ ಮಾತ್ರ ಇದನ್ನು ಓದಬೇಕು. ಸ್ಯೂಡೋಮೊನಾಸ್‌ಗೆ ಇಸಿಐಎಂ ಇಲ್ಲ. ಅಸಿನೆಟೊಬ್ಯಾಕ್ಟರ್‌ಗೆ ಎಂಸಿಐಎಂ ಕೂಡ ಇಲ್ಲ, ಅದಕ್ಕೆ ಹಾಕಿ ‘ನೆಗೆಟಿವ್’ ಅಂತ ಕೊಡಬೇಡಿ.

ಕಂಟ್ರೋಲ್‌ಗೆ ಎಟಿಸಿಸಿ ತಳಿಗಳು: ಬಿಎಎ-1705 ಪಾಸಿಟಿವ್, ಬಿಎಎ-1706 ನೆಗೆಟಿವ್, ಇಸಿಐಎಂಗೆ ಎನ್‌ಡಿಎಂ ಇರುವ ಬಿಎಎ-2146.

ಕಲ್ಲಿನಕೋಟೆ_ಕಲ್ಚರ್

ಎಂಸಿಐಎಂ ಪಾಸಿಟಿವ್ ಬಂದ್ರೆ ಮೆರೊಪೆನೆಮ್ ಎಷ್ಟೇ ಇರಲಿ ಆರ್ (ರೆಸಿಸ್ಟೆಂಟ್) ಅಂತ ತಿದ್ದಿ ಕಳ್ಸ್ರಿ, ಗೋಜೇ ಇರಲ್ಲ.

ಮತ್ತೆ ಒಂದು ಮಾತ್ರೀ. ಏಪ್ರಿಲ್‌ನಾಗೆ ನಿಮ್ಮ ಇನ್‌ಕ್ಯುಬೇಟರ್ ಎಷ್ಟು ಡಿಗ್ರಿ ತೋರ್ಸುತ್ತೆ ನೋಡೀರೇನು? ಮಾಮೂಲಿ ಇನ್‌ಕ್ಯುಬೇಟರ್‌ಗೆ ಬಿಸಿ ಮಾಡೋದು ಗೊತ್ತು, ತಂಪು ಮಾಡೋದು ಗೊತ್ತಿಲ್ಲ. ದುರ್ಗದಾಗೂ ದಾವಣಗೆರೆಯಾಗೂ ಬ್ಯಾಸಗಿ ಮಧ್ಯಾಹ್ನ ಕೋಣೆನೇ 36, 37 ಇದ್ರೆ, ಒಳಗೆ 35ಕ್ಕೆ ಸೆಟ್ ಮಾಡಿದ್ರೂ 38ಕ್ಕೆ ನಿಂತಿರ್ತದೆ. ಕ್ಲೆಬ್ಸಿಯೆಲ್ಲಾಗೆ 37ರ ತನಕ ನಡೀತದೆ. ಎಂಆರ್‌ಎಸ್‌ಎ (ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್) ಹುಡುಕೋ ಸೆಫಾಕ್ಸಿಟಿನ್ ಪ್ಲೇಟಿಗೆ ನಡಿಯಲ್ಲ. 35 ದಾಟಿದ್ರೆ ಮೆಕ್-ಎ ಜೀನ್ ಇರೋ ಸ್ಟ್ಯಾಫಿಲೊಕಾಕಸ್ ತನ್ನ ರೆಸಿಸ್ಟೆನ್ಸ್ ಸರಿಯಾಗಿ ತೋರ್ಸಲ್ಲ, ಜೋನ್ 22 ಬಂದು ಸೆನ್ಸಿಟಿವ್ ಅಂತ ಹೋಗ್ತದೆ. 21 ಮತ್ತೆ ಅದಕ್ಕಿಂತ ಕಮ್ಮಿ ಅಂದ್ರೆ ಎಂಆರ್‌ಎಸ್‌ಎ. ಒಂದೇ ಒಂದು ಮಿ.ಮೀ. ನೋಡ್ರಿ ಅಂತರ. ಇನ್‌ಕ್ಯುಬೇಟರನ್ನ ಎಸಿ ಇರೋ ಕೋಣೆಗೆ ಹಾಕ್ರಿ, ಒಳಗೆ ಒಂದು ಗಾಜಿನ ಥರ್ಮಾಮೀಟರ್ ನೀರಿನ ಬಾಟ್ಲಿಯೊಳಗೆ ಇಡ್ರಿ, ಹೊರಗಿನ ಡಿಸ್‌ಪ್ಲೇ ನಂಬಬ್ಯಾಡ್ರಿ. ಐದೈದು ಪ್ಲೇಟಿಗಿಂತ ಜಾಸ್ತಿ ಒಂದರ ಮೇಲೊಂದು ಪೇರಿಸಬ್ಯಾಡ್ರಿ, ನಡುವಿನವಕ್ಕೆ ಬಿಸಿ ತಾಗೋದು ತಡ ಆಗ್ತದೆ.

ಡಿಸ್ಕ್ ವಿಷಯ ಅಜ್ಜ ಬಿಟ್ಟರು. ಬೆಂಗಳೂರಿಂದ 260 ಕಿ.ಮೀ. ಬಸ್ಸಿನ ಡಿಕ್ಕಿಯೊಳಗೆ ಬ್ಯಾಸಗಿಯಾಗೆ ಬರೋ ಪಾರ್ಸಲ್‌ನಾಗೆ ಐಸ್ ಪ್ಯಾಕ್ ಇನ್ನೂ ತಣ್ಣಗೈತಾ ನೋಡೇ ಸಹಿ ಹಾಕ್ರಿ. ಇಮಿಪೆನೆಮ್, ಕ್ಲಾವುಲನೇಟ್ ಇರೋ ಡಿಸ್ಕ್ ಎಲ್ಲಕ್ಕಿಂತ ಬೇಗ ಕೆಡ್ತವೆ. ಸ್ಟಾಕ್ ಎಲ್ಲಾ ಮೈನಸ್ 20ರಾಗೆ, ತಾನೇ ಐಸ್ ಕರಗಿಸ್ಕೊಳ್ಳೋ ಫ್ರಾಸ್ಟ್‌ಫ್ರೀ ಫ್ರೀಜರ್ ಬ್ಯಾಡ. ದಿನದ ಬಳಕೆದು ಮಾತ್ರ 2–8 ಡಿಗ್ರಿಯಾಗೆ, ಅದೂ ಒಂದು ವಾರ. ಫ್ರಿಜ್ಜಿಂದ ತೆಗೆದ ಕೂಡ್ಲೆ ಡಬ್ಬಿ ಬಿಚ್ಚಬ್ಯಾಡ್ರಿ, ಒಂದೆರಡು ಗಂಟೆ ಹೊರಗಿಟ್ಟು ಕೋಣೆ ಶಾಖಕ್ಕೆ ಬಂದ ಮ್ಯಾಲೆ ಬಿಚ್ರಿ. ಇಲ್ಲಾಂದ್ರೆ ಡಿಸ್ಕ್ ಮ್ಯಾಲೆ ಪಸೆ ಕೂತು ಔಷಧಿ ಒಡೆದು ಹೋಗ್ತದೆ.

ಉಚ್ಚಂಗಿ_ಮೈಕ್ರೋ

@ಕಲ್ಲಿನಕೋಟೆ, ಇನ್‌ಕ್ಯುಬೇಟರ್ ಮಾತು ಒಪ್ಪಿದೆ. ಆರ್ ಅಂತ ತಿದ್ದೋದು ಒಪ್ಪಲ್ಲ. ಹಾಗೆ ತಿದ್ದೋ ಪದ್ಧತಿ ಇದ್ದದ್ದು ಬ್ರೇಕ್‌ಪಾಯಿಂಟ್ (ಸೆನ್ಸಿಟಿವ್ ‘ಎಸ್’, ಇಂಟರ್‌ಮೀಡಿಯೆಟ್ ‘ಐ’, ರೆಸಿಸ್ಟೆಂಟ್ ‘ಆರ್’ ಬೇರೆ ಮಾಡೋ ಗಡಿ) ಹಳೆಯದಿದ್ದಾಗ. ಲ್ಯಾಬ್ ಮಾನದಂಡ ಹೊರಡಿಸೋ ಅಮೆರಿಕದ ಸಂಸ್ಥೆ ಸಿಎಲ್‌ಎಸ್‌ಐ 2010ರಲ್ಲಿ ಕಾರ್ಬಪೆನೆಮ್ ಬ್ರೇಕ್‌ಪಾಯಿಂಟ್‌ಗಳನ್ನು ಬಿಗಿ ಮಾಡಿದೆ. ಈಗ ಮೆರೊಪೆನೆಮ್, ಇಮಿಪೆನೆಮ್ ಎರಡಕ್ಕೂ 23 ಮತ್ತು ಮೇಲೆ ಎಸ್, 20–22 ಐ, 19 ಮತ್ತು ಕೆಳಗೆ ಆರ್; ಎರ್ಟಾಪೆನೆಮ್‌ಗೆ 22, 19–21, 18. ಇದು ಎಂಟರೊಬ್ಯಾಕ್ಟರೇಲ್ಸ್‌ಗೆ (ಕ್ಲೆಬ್ಸಿಯೆಲ್ಲಾ, ಇ. ಕೋಲಿ ಗುಂಪು) ಮಾತ್ರ. ಸ್ಯೂಡೋಮೊನಾಸ್‌ಗೆ ಮೆರೊಪೆನೆಮ್ 19, 16–18, 15. ಅಸಿನೆಟೊಬ್ಯಾಕ್ಟರ್‌ಗೆ 18, 15–17, 14. ಗೋಡೆಗೆ ಅಂಟಿಸಿದ ಚಾರ್ಟ್ ಯಾವ ವರ್ಷದ್ದು ಅಂತ ಒಮ್ಮೆ ನೋಡಿ, ಹಳೇ ಚಾರ್ಟ್ ಇರೋ ಲ್ಯಾಬ್ ಕಮ್ಮಿ ಏನಿಲ್ಲ.

ಅಳೆದದ್ದನ್ನು ಅಳೆದ ಹಾಗೇ ಬರೆಯಿರಿ, ಕೆಳಗೆ ಷರಾ ಹಾಕಿ, ಡಾಕ್ಟರಿಗೆ ಫೋನ್ ಮಾಡಿ. ಕಾರ್ಬಪೆನೆಮೇಸ್ ಇದೆ ಅನ್ನೋದು ಅವರಿಗೆ ಬೇರೆಯೇ ಮಾಹಿತಿ. ಅದನ್ನು ಆರ್ ಅನ್ನೋ ಒಂದಕ್ಷರದಲ್ಲಿ ಹೂತರೆ ಯಾವ ಕಿಣ್ವ, ಯಾವ ಔಷಧಿ ಉಳಿದಿದೆ ಅನ್ನೋ ಪ್ರಶ್ನೆಯೇ ಏಳಲ್ಲ.

ನಿಮ್ಮ ಕೇಸಿನಲ್ಲಿ ಎರ್ಟಾಪೆನೆಮ್ 17 ಅಂದರೆ ಆರ್, ಅದೂ ಸರಿಯಾದ ರೆಡಿ ಪ್ಲೇಟಿನಲ್ಲಿ. ಎರ್ಟಾಪೆನೆಮ್ ಬಿದ್ದು ಮೆರೊಪೆನೆಮ್ ಗಡಿಯಲ್ಲಿ ನಿಂತರೆ ಎರಡು ಸಾಧ್ಯತೆ: ಓಎಕ್ಸ್‌ಎ-48 ಗುಂಪಿನ ಕಿಣ್ವ, ಇಲ್ಲಾ ಇಎಸ್‌ಬಿಎಲ್ ಅಥವಾ ಆಂಪ್-ಸಿ (ಸೆಫ್ಟ್ರಿಯಾಕ್ಸೋನ್ ಥರದವನ್ನು ಒಡೆಯೋ ಕಿಣ್ವಗಳು) ಜೊತೆಗೆ ಪೊರೆಯ ಪೋರಿನ್ ಬಾಗಿಲು ಮುಚ್ಚಿರೋದು. ಎಂಸಿಐಎಂ ಬೇಕಾಗೋದು ಇವೆರಡನ್ನು ಬೇರೆ ಮಾಡೋಕೆ. ಮೆರೊಪೆನೆಮ್ ಒಂದನ್ನೇ ಹಾಕಿ ಎರ್ಟಾಪೆನೆಮ್ ಬಿಡೋ ಲ್ಯಾಬ್‌ಗಳಿಗೆ ಓಎಕ್ಸ್‌ಎ-48 ತಪ್ಪಿಸಿಕೊಳ್ಳೋದು ಹೀಗೇ.

ತುಂಗಭದ್ರಾ_ಬ್ರಾತ್

ಕೊಲಿಸ್ಟಿನ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. 13 ಮಿ.ಮೀ. ಕೊಡಬೇಡಿ. ಅದು ದೊಡ್ಡ ಅಣು, ಮೇಲೆ ಧನ ವಿದ್ಯುದಂಶ ಬೇರೆ. ಅಗಾರ್‌ಗೆ ಅಂಟಿಕೊಂಡು ಹರಡೋದೇ ಇಲ್ಲ. ರೆಸಿಸ್ಟೆಂಟ್ ಇರಲಿ ಸೆನ್ಸಿಟಿವ್ ಇರಲಿ ಜೋನ್ 11, 12, 13 ಅಂತ ಅಲ್ಲಲ್ಲೇ ಸುತ್ತುತ್ತೆ. ಗ್ರೇಡಿಯಂಟ್ ಸ್ಟ್ರಿಪ್ಪಿಗೂ ಇದೇ ಗತಿ, ಎಂಐಸಿಯನ್ನು (ಬೆಳವಣಿಗೆ ನಿಲ್ಲಿಸೋ ಕನಿಷ್ಠ ಔಷಧಿ ಪ್ರಮಾಣ) ಇರೋದಕ್ಕಿಂತ ಕಮ್ಮಿ ತೋರಿಸುತ್ತೆ.

ಆದರೆ ಆ ಡಿಸ್ಕ್ ಎಸೆಯಬೇಡಿ, ಬ್ರಾತ್‌ಗೆ ಹಾಕಿ. ಯಂತ್ರ ಇಲ್ಲದ ಲ್ಯಾಬಿಗೆ ಇದಕ್ಕಿಂತ ಸುಲಭದ್ದಿಲ್ಲ. ಕ್ಯಾಟಯಾನ್ ಹೊಂದಿಸಿದ ಮುಲ್ಲರ್ ಹಿಂಟನ್ ಬ್ರಾತ್, ಟ್ಯೂಬಿಗೆ 10 ಮಿ.ಲೀ., ನಾಲ್ಕು ಗಾಜಿನ ಟ್ಯೂಬ್. 10 ಮೈಕ್ರೋಗ್ರಾಂ ಕೊಲಿಸ್ಟಿನ್ ಡಿಸ್ಕ್ ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಎರಡು, ನಾಲ್ಕನೆಯದಕ್ಕೆ ನಾಲ್ಕು. ಅಲ್ಲಿಗೆ ಮಿ.ಲೀ.ಗೆ 0, 1, 2, 4 ಮೈಕ್ರೋಗ್ರಾಂ ಆಯ್ತು. ಮೆಲ್ಲಗೆ ವೊರ್ಟೆಕ್ಸ್ ಮಾಡಿ ಅರ್ಧ ಗಂಟೆ ಕೋಣೆ ಶಾಖದಲ್ಲಿ ಬಿಡಿ, ಔಷಧಿ ಬ್ರಾತ್‌ಗೆ ಇಳಿಯಬೇಕು. ಆಮೇಲೆ 0.5 ಮ್ಯಾಕ್‌ಫಾರ್ಲಂಡ್ ಸಸ್ಪೆನ್ಷನ್ 50 ಮೈಕ್ರೋಲೀಟರ್ ಪ್ರತಿ ಟ್ಯೂಬಿಗೆ, ಮುಚ್ಚಳ ಹಾಕಿ ಮತ್ತೆ ಮೆಲ್ಲಗೆ ಕಲಸಿ, ಮುಚ್ಚಳ ಸ್ವಲ್ಪ ಸಡಿಲಿಸಿ 33–35 ಡಿಗ್ರಿಯಲ್ಲಿ 16–20 ಗಂಟೆ.

ಬೆಳವಣಿಗೆ ನಿಂತ ಮೊದಲ ಟ್ಯೂಬ್ ಎಂಐಸಿ. 2 ಅಥವಾ ಕಮ್ಮಿ ಬಂದರೆ ‘ಇಂಟರ್‌ಮೀಡಿಯೆಟ್’, 4 ಅಥವಾ ಮೇಲೆ ‘ರೆಸಿಸ್ಟೆಂಟ್’. 2020ರಿಂದ ಸಿಎಲ್‌ಎಸ್‌ಐ ಕೊಲಿಸ್ಟಿನ್‌ಗೆ ‘ಸೆನ್ಸಿಟಿವ್’ ಅನ್ನೋ ಖಾನೆಯನ್ನೇ ತೆಗೆದಿದೆ, ಅದನ್ನು ನೀವು ಮತ್ತೆ ಬರೆಯಬೇಡಿ. ಡಿಸ್ಕ್ ಇಲ್ಲದ ಟ್ಯೂಬಿನಲ್ಲಿ ಬೆಳೆದಿಲ್ಲ ಅಂದರೆ ಇಡೀ ಸೆಟ್ ರದ್ದು. 1ರಲ್ಲಿ ಇಲ್ಲ, 2ರಲ್ಲಿ ಇದೆ ಅಂತ ಹೆಜ್ಜೆ ತಪ್ಪಿದ್ದರೆ ಮತ್ತೆ ಹಾಕಿ. ಮೊದಲ ಟ್ಯೂಬಿಗೆ ಸಸ್ಪೆನ್ಷನ್ ಹಾಕಿದ ಕೂಡಲೇ ಅದರಿಂದ ಒಂದು ಲೂಪ್ ಬ್ಲಡ್ ಅಗಾರ್‌ಗೆ ಎಳೆದಿಡಿ. ಕ್ಲೆಬ್ಸಿಯೆಲ್ಲಾ ಜೊತೆ ಒಂದಿಷ್ಟು ಪ್ರೋಟಿಯಸ್ ಅಥವಾ ಸೆರೇಷಿಯಾ ಸೇರಿಕೊಂಡಿದ್ದರೆ ಕೊಲಿಸ್ಟಿನ್‌ನಲ್ಲಿ ಅದೇ ಬೆಳೆದು ಸುಳ್ಳು ರೆಸಿಸ್ಟೆಂಟ್ ಬರುತ್ತೆ. ಅವೆರಡೂ, ಮೊರ್ಗನೆಲ್ಲಾ, ಪ್ರೊವಿಡೆನ್ಷಿಯಾ ಕೂಡ, ಹುಟ್ಟಿನಿಂದಲೇ ಕೊಲಿಸ್ಟಿನ್‌ಗೆ ಬಗ್ಗದವು.

ಪ್ಲಾಸ್ಟಿಕ್ ಟ್ಯೂಬ್ ಬೇಡ, ಕೊಲಿಸ್ಟಿನ್ ಅದರ ಗೋಡೆಗೂ ಅಂಟುತ್ತೆ. ಫಾರ್ಮಸಿಯ ಇಂಜೆಕ್ಷನ್ ವಯಲ್ ಒಡೆದು ಡೈಲ್ಯೂಷನ್ ಮಾಡೋರಿದ್ದಾರೆ, ಅದು ಪೂರ್ತಿ ತಪ್ಪು. ವಯಲ್‌ನಲ್ಲಿರೋದು ಕೊಲಿಸ್ಟಿಮೆಥೇಟ್ ಸೋಡಿಯಂ, ದೇಹದೊಳಗೆ ಹೋಗಿ ಕೊಲಿಸ್ಟಿನ್ ಆಗಬೇಕಾದ ವಸ್ತು. ಪರೀಕ್ಷೆಗೆ ಬೇಕಾದದ್ದು ಕೊಲಿಸ್ಟಿನ್ ಸಲ್ಫೇಟ್. ಅಸಿನೆಟೊಬ್ಯಾಕ್ಟರ್‌ಗೆ ಈ ಡಿಸ್ಕ್ ಇಲ್ಯೂಷನ್ (ಡಿಸ್ಕಿನ ಔಷಧಿ ಬ್ರಾತ್‌ಗೆ ಇಳಿಸೋ ವಿಧಾನ) ನಡೆಯಲ್ಲ, ಬ್ರಾತ್ ಮೈಕ್ರೋಡೈಲ್ಯೂಷನ್ನೇ ಆಗಬೇಕು.

ಐಸಿಯು_ಸಿಸ್ಟರ್

ಇನ್‌ಫೆಕ್ಷನ್ ಕಂಟ್ರೋಲ್ ಕಡೆಯಿಂದ ಎರಡು ಮಾತು. ಪಕ್ಕಾ ರಿಪೋರ್ಟ್ ಬರೋಕೆ ಇನ್ನೆರಡು ದಿನ ಆಗುತ್ತೆ ಅಂತ ವಾರ್ಡಿಗೆ ತಿಳಿಸೋದನ್ನು ಮುಂದೂಡಬೇಡಿ ಸರ್. ‘ಎರ್ಟಾಪೆನೆಮ್ ಆರ್, ಕಾರ್ಬಪೆನೆಮೇಸ್ ಅನುಮಾನ’ ಅಂತ ಒಂದು ಫೋನ್ ಬಂದರೆ ಸಾಕು. ಆ ಬೆಡ್ಡಿಗೆ ಗೌನ್, ಗ್ಲೌಸ್, ಬೇರೆ ಸ್ಟೆತಸ್ಕೋಪ್, ಬೇರೆ ಬಿಪಿ ಕಫ್ ಶುರು ಮಾಡ್ತೀವಿ. ಆಮೇಲೆ ನೆಗೆಟಿವ್ ಬಂದರೆ ತೆಗೆಯೋದು ಸುಲಭ.

ಅಕ್ಕಪಕ್ಕದ ಬೆಡ್‌ಗಳ ರೆಕ್ಟಲ್ ಸ್ವಾಬ್ ಕಳಿಸಿದರೆ ಲ್ಯಾಬಿನವರು ಗೊಣಗ್ತಾರೆ, ಆದರೆ ವಿಧಾನ ಸುಲಭ: 5 ಮಿ.ಲೀ. ಟ್ರಿಪ್ಟಿಕ್ ಸೋಯ್ ಬ್ರಾತ್‌ನಲ್ಲಿ 10 ಮೈಕ್ರೋಗ್ರಾಂನ ಎರ್ಟಾಪೆನೆಮ್ ಅಥವಾ ಮೆರೊಪೆನೆಮ್ ಡಿಸ್ಕ್ ಒಂದು, ಸ್ವಾಬ್ ಅದ್ದಿ ಒಂದು ರಾತ್ರಿ, ಮರುದಿನ ವೊರ್ಟೆಕ್ಸ್ ಮಾಡಿ 100 ಮೈಕ್ರೋಲೀಟರ್ ಮ್ಯಾಕ್‌ಕಾಂಕಿ ಮೇಲೆ. ಗುಲಾಬಿ ಕಾಲೊನಿ ಬಂದದ್ದಕ್ಕೆ ಮಾತ್ರ ಮುಂದಿನ ಪರೀಕ್ಷೆ. ಸ್ವಾಬಿನ ತುದಿಯಲ್ಲಿ ಮಲ ಕಾಣಬೇಕು, ಒಣ ಸ್ವಾಬ್ ಕಳಿಸಿ ನೆಗೆಟಿವ್ ಅಂದುಕೊಳ್ಳೋದು ಬೇಡ.

ಇನ್ನೊಂದು, ಆಸ್ಪಿರೇಟ್‌ನಲ್ಲಿ ಬೆಳೆದ ಮಾತ್ರಕ್ಕೆ ನ್ಯುಮೋನಿಯಾ ಅಲ್ಲ. ಟ್ಯೂಬಿನಲ್ಲಿ ಸುಮ್ಮನೆ ಮನೆ ಮಾಡಿಕೊಂಡದ್ದೂ ಇರಬಹುದು. ಗ್ರಾಂ ಸ್ಮಿಯರಿನಲ್ಲಿ ಪಸ್ ಕೋಶ ಎಷ್ಟು ಅಂತ ರಿಪೋರ್ಟಿನಲ್ಲಿ ಬರೆಯಿರಿ, ಡಾಕ್ಟರು ಎಕ್ಸ್‌ರೇ ಜೊತೆ ನೋಡ್ತಾರೆ.

ಬೆಣ್ಣೆನಗರಿ_ಲ್ಯಾಬ್

ಎಲ್ಲರಿಗೂ ಧನ್ಯವಾದ. ಎಣಿಕೆ 10 ಮೈಕ್ರೋಲೀಟರಿನ ಯೂರಿನ್ ಲೂಪಿನಿಂದ, ಸಾವಿರ ಕಾಲೊನಿ ದಾಟಿ ಎಣಿಸೋಕೇ ಆಗದಷ್ಟು ಇತ್ತು, ಹಾಗಾಗಿ ಲಕ್ಷ. ಸ್ಮಿಯರಿನಲ್ಲಿ ಲೋ ಪವರ್ ಫೀಲ್ಡಿಗೆ ಪಸ್ ಕೋಶ 25ಕ್ಕಿಂತ ಹೆಚ್ಚು, ಎಪಿಥೀಲಿಯಲ್ 10ಕ್ಕಿಂತ ಕಮ್ಮಿ.

25 ಮಿ.ಲೀ. ಅಳೆದು ಸುರಿದ ಪ್ಲೇಟಿನಲ್ಲಿ 25922: ಮೆರೊಪೆನೆಮ್ 31, ಇಮಿಪೆನೆಮ್ 29, ಸೆಫ್ಟ್ರಿಯಾಕ್ಸೋನ್ 32, ಜೆಂಟಾಮೈಸಿನ್ 22. ನಮ್ಮ ಕ್ಲೆಬ್ಸಿಯೆಲ್ಲಾ: ಎರ್ಟಾಪೆನೆಮ್ 16, ಇಮಿಪೆನೆಮ್ 21, ಮೆರೊಪೆನೆಮ್ 20. ಹೊಸ ಲೂಪಿನಿಂದ ಎಂಸಿಐಎಂ 13, ಇಸಿಐಎಂ 14. ಕೊಲಿಸ್ಟಿನ್ 1ರ ಟ್ಯೂಬಿನಲ್ಲೇ ಬೆಳವಣಿಗೆ ಇಲ್ಲ. ಡಾಕ್ಟರು ಈಗ ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಕೊಡಬಹುದಾ ಅಂತ ಕೇಳ್ತಿದ್ದಾರೆ.

ಉಚ್ಚಂಗಿ_ಮೈಕ್ರೋ

ಈಗ ಸರಿಯಾಯ್ತು. ಎಂಸಿಐಎಂ ಪಾಸಿಟಿವ್, ಅಂತರ 1 ಮಿ.ಮೀ., ಅಂದರೆ ಇಸಿಐಎಂ ನೆಗೆಟಿವ್. ಪುಸ್ತಕದ ಪ್ರಕಾರ ಓಎಕ್ಸ್‌ಎ-48 ಅಥವಾ ಕೆಪಿಸಿ, ಎರಡೂ ಸತು ಬೇಡದ ಕಾರ್ಬಪೆನೆಮೇಸ್‌ಗಳು. ಆದರೆ ನಮ್ಮ ದೇಶದಲ್ಲಿ ಅಲ್ಲಿಗೇ ನಿಲ್ಲಿಸೋಕಾಗಲ್ಲ. ಎನ್‌ಡಿಎಂ, ಓಎಕ್ಸ್‌ಎ-48 ಎರಡೂ ಒಂದೇ ಬ್ಯಾಕ್ಟೀರಿಯಾದಲ್ಲಿರೋದು ಇಲ್ಲಿ ಮಾಮೂಲು. ಇಡಿಟಿಎ ಎನ್‌ಡಿಎಂ ಅನ್ನು ಕಟ್ಟಿಹಾಕಿದರೂ ಓಎಕ್ಸ್‌ಎ ಡಿಸ್ಕ್ ತಿನ್ನುತ್ತಲೇ ಇರುತ್ತೆ, ಜೋನ್ ಹಿಗ್ಗಲ್ಲ, ಎನ್‌ಡಿಎಂ ಮರೆಯಲ್ಲೇ ಉಳಿದುಬಿಡುತ್ತೆ. ನಿಮ್ಮದರಲ್ಲಿ ಮೆರೊಪೆನೆಮ್ 20 ಉಳಿದಿರೋದರಿಂದ ಎನ್‌ಡಿಎಂ ಇಲ್ಲದಿರೋ ಸಂಭವ ಹೆಚ್ಚು, ಇದ್ದಿದ್ದರೆ ಸಾಮಾನ್ಯವಾಗಿ ಇನ್ನೂ ಕೆಳಗೆ ಬೀಳುತ್ತೆ. ಸಂಭವದ ಮೇಲೆ ಔಷಧಿ ಹೇಳಬೇಡಿ.

ಅವಿಬ್ಯಾಕ್ಟಮ್ ಕೆಪಿಸಿ, ಓಎಕ್ಸ್‌ಎ-48 ಎರಡನ್ನೂ ತಡೆಯುತ್ತೆ, ಎನ್‌ಡಿಎಂ ಮುಂದೆ ಕೆಲಸಕ್ಕೆ ಬರಲ್ಲ. 30/20 ಮೈಕ್ರೋಗ್ರಾಂ ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಡಿಸ್ಕ್ ಹಾಕಿ: 21 ಮತ್ತು ಮೇಲೆ ಸೆನ್ಸಿಟಿವ್, 20 ಮತ್ತು ಕೆಳಗೆ ರೆಸಿಸ್ಟೆಂಟ್. 20–22 ಬಂದರೆ ಎಂಐಸಿ ನೋಡದೆ ನಂಬಬೇಡಿ. ಇವತ್ತೇ ಉತ್ತರ ಬೇಕಾದರೆ ಕಾಲೊನಿಯಿಂದಲೇ ಮಾಡೋ ಲ್ಯಾಟರಲ್ ಫ್ಲೋ ಪಟ್ಟಿ ಇದೆ, ಗರ್ಭಧಾರಣೆ ಪರೀಕ್ಷೆ ಪಟ್ಟಿಯ ಹಾಗೆ. ಕೆಪಿಸಿ, ಎನ್‌ಡಿಎಂ, ವಿಐಎಂ, ಐಎಂಪಿ, ಓಎಕ್ಸ್‌ಎ-48 ಐದಕ್ಕೂ 15 ನಿಮಿಷದಲ್ಲಿ ಬೇರೆ ಬೇರೆ ಗೆರೆ. ಎರಡು ಕಿಣ್ವ ಇದ್ದರೆ ಎರಡು ಗೆರೆ ಮೂಡುತ್ತೆ. ಪಟ್ಟಿ ದುಬಾರಿ, ಎಂಸಿಐಎಂ ಪಾಸಿಟಿವ್ ಆದ ಐಸಿಯು ಐಸೊಲೇಟ್‌ಗೆ ಮಾತ್ರ ಇಟ್ಟುಕೊಳ್ಳಿ. ಜೀನ್ ಪರೀಕ್ಷೆಗೆ ಬೇರೆ ಲ್ಯಾಬಿಗೆ ಕಳಿಸೋದಾದರೆ ನ್ಯೂಟ್ರಿಯೆಂಟ್ ಅಗಾರ್ ಸ್ಲಾಂಟ್‌ನಲ್ಲಿ, ಮೂರು ಪದರದ ಪ್ಯಾಕಿಂಗ್‌ನಲ್ಲಿ. ಪೆಟ್ರಿ ಪ್ಲೇಟಿಗೆ ಟೇಪ್ ಸುತ್ತಿ ಕೊರಿಯರ್‌ಗೆ ಕೊಡಬೇಡಿ.

ವರದಿಯ ಕೆಳಗೆ ಈ ಥರ ಹಾಕಿ: ‘ಮೆರೊಪೆನೆಮ್ 20 ಮಿ.ಮೀ., ಇಂಟರ್‌ಮೀಡಿಯೆಟ್. ಎರ್ಟಾಪೆನೆಮ್ ರೆಸಿಸ್ಟೆಂಟ್. ಕಾರ್ಬಪೆನೆಮೇಸ್ ಪಾಸಿಟಿವ್, ಎಂಸಿಐಎಂ ವಿಧಾನ. ಇಸಿಐಎಂ ನೆಗೆಟಿವ್, ಎನ್‌ಡಿಎಂ ಜೊತೆಗಿಲ್ಲ ಎಂದು ಇದರಿಂದ ಹೇಳಲಾಗದು. ಕೊಲಿಸ್ಟಿನ್ ಎಂಐಸಿ 1 ಅಥವಾ ಕಡಿಮೆ, ಇಂಟರ್‌ಮೀಡಿಯೆಟ್, ಬ್ರಾತ್ ಡಿಸ್ಕ್ ಇಲ್ಯೂಷನ್. ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಫಲಿತಾಂಶ ನಾಳೆ.’ ಫೋನ್ ಮಾಡಿದ ಹೊತ್ತು, ಎತ್ತಿದವರು ಯಾರು ಅನ್ನೋದನ್ನು ಲ್ಯಾಬ್ ರಿಜಿಸ್ಟರಿನಲ್ಲಿ ಬರೆದುಕೊಳ್ಳಿ.

ಅಗಾರ್_ಅಜ್ಜ

ಉಳಿದ ತೆಳು ಪ್ಲೇಟ್‌ಗಳನ್ನು ಎಸೆಯಬೇಡಿ, ಸಬ್‌ಕಲ್ಚರ್‌ಗೆ, ಪ್ಯೂರಿಟಿ ನೋಡೋಕೆ ಧಾರಾಳ ಆಗುತ್ತೆ. ಮೇಲೆ ‘ಸೆನ್ಸಿಟಿವಿಟಿಗೆ ಬೇಡ’ ಅಂತ ಮಾರ್ಕರಿನಲ್ಲಿ ದಪ್ಪಗೆ ಬರೆದಿಡಿ, ರಾತ್ರಿ ಪಾಳಿಯವರು ಎತ್ತಿಕೊಂಡಾರು.